ಅರ್ಕಾವತಿಯ ಸೀಮೆಯಿಂದ ಒಂದು ಅನುದಾನದ ಅರ್ಜಿ

ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ಮಾಗಡಿ ಸೀಮೆಯ ಅಂಚನ್ನು ಹಾದು, ರಾಮನಗರದ ಹೆಬ್ಬಂಡೆಗಳ ನಡುವೆ ಹರಿದು, ಕನಕಪುರದ ಕಾಡನ್ನು ದಾಟಿ, ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ಚರಿತ್ರೆಯನ್ನು ಬಲ್ಲವರಿಗೆ ಈ ನಾಡಿನ ನೀರಿನ ಸಂಕಟ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅರ್ಕಾವತಿಗೆ ಕುಮುದ್ವತಿ ಕೂಡುವೆಡೆಯಲ್ಲಿ, ತಿಪ್ಪಗೊಂಡನಹಳ್ಳಿಯ ಬಳಿ, 1933ರಲ್ಲಿ ಸಿದ್ಧವಾದ ಚಾಮರಾಜಸಾಗರವು ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿ, ಕಡೆಗೆ ತನಗೇ ಒಳಹರಿವಿಲ್ಲದೆ ಸೊರಗಿತು. ಅದೇ ಸೀಮೆಯಲ್ಲಿ, 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಭಕ್ಷಿಕೆರೆ ಉಕ್ಕಿ ಹರಿದು ರಾಮನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ವಾಹನಗಳು ಮುಳುಗಿ ನಿಂತುವು. ಒಳಹರಿವಿಲ್ಲದೆ ಬತ್ತುವುದೂ ಒಂದೇ ರಾತ್ರಿಯ ಮಳೆಗೆ ಮುಳುಗುವುದೂ ಒಂದೇ ತಲೆಮಾರಿನ ಅನುಭವವಾಗಿಬಿಟ್ಟಿರುವ ನಾಡು ಇದು.

ಇಂಥ ಕಡೆ ಜನ ತಾವೇ ಏನನ್ನಾದರೂ ಮಾಡಬೇಕೆಂದು ಹೊರಡುವುದು ಸಹಜ. ಊರಿನ ಯುವಕ ಸಂಘ, ಸ್ತ್ರೀಶಕ್ತಿ ಗುಂಪು, ರೇಷ್ಮೆ ಬೆಳೆಗಾರರ ಕೂಟ, ನಿವೃತ್ತ ಉಪಾಧ್ಯಾಯರ ಬಳಗ, ಇವರಾರಲ್ಲಿಯೂ ಉತ್ಸಾಹಕ್ಕೆ ಕೊರತೆಯಿಲ್ಲ, ಮೈಮುರಿದು ದುಡಿಯುವುದಕ್ಕೂ ಹಿಂಜರಿಕೆಯಿಲ್ಲ, ಕೊರತೆ ಹಣದ್ದು. ಆ ಹಣವನ್ನು ಸಾಲವಾಗಿ ಅಲ್ಲದೆ, ನಿಶ್ಚಿತವಾದ ಒಂದು ಕಾರ್ಯಕ್ಕಾಗಿ, ನಿಶ್ಚಿತವಾದ ಅವಧಿಗೆ, ಲೆಕ್ಕ ಒಪ್ಪಿಸತಕ್ಕದ್ದೆಂಬ ಕರಾರಿನ ಮೇಲೆ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿಯೂ ಹೊರಗೂ ಇವೆ. ಅಂಥ ಹಣಕ್ಕೆ ಅನುದಾನವೆಂದು ಹೆಸರು. ಅದನ್ನು ಪಡೆಯುವ ವಿದ್ಯೆಯೆಂದರೆ ನಮೂನೆಯನ್ನು ಚೆನ್ನಾಗಿ ತುಂಬುವ ವಿದ್ಯೆಯೆಂದೇ ಅನೇಕರು ಭಾವಿಸಿರುವುದುಂಟು. ನನ್ನ ಎಣಿಕೆಯಲ್ಲಿ ನಮೂನೆ ಕಡೆಯ ಮಾತು. ತಮ್ಮ ಕಷ್ಟದ ಕಾರಣವನ್ನು ನಿಜವಾಗಿ ಅರಿತುಕೊಳ್ಳುವುದು ಮೊದಲನೆಯದು. ಮಾಡಿದ ಕೆಲಸವನ್ನು ಕಾಪಾಡಿಕೊಂಡು ಬರುವ ವೆಚ್ಚವನ್ನು ಸಂಕೋಚವಿಲ್ಲದೆ ಕೇಳುವುದು ಎರಡನೆಯದು. ಈ ಎರಡು ಇಲ್ಲದ ಅರ್ಜಿಗೆ ಹಣ ದೊರೆತರೂ ಊರಿಗೆ ಪ್ರಯೋಜನವಾಗುವುದು ಕಷ್ಟ.

ಮೊದಲನೆಯದಕ್ಕೆ ನಿದರ್ಶನ ಅರ್ಕಾವತಿಯಲ್ಲಿಯೇ ಇದೆ. ಏಟ್ರೀ ಎಂಬ ಹೆಸರಿನಿಂದ ಪ್ರಸಿದ್ಧವಾದ ಬೆಂಗಳೂರಿನ ಪರಿಸರ ಸಂಶೋಧನ ಸಂಸ್ಥೆಯವರು ಕೆನಡಾ ದೇಶದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನ ಕೇಂದ್ರದ ಅನುದಾನವನ್ನು ಪಡೆದು, ನಗರವಾಗಿ ಬೆಳೆಯುತ್ತಿರುವ ಜಲಾನಯನ ಪ್ರದೇಶಗಳು ವಾಯುಗುಣದ ಬದಲಾವಣೆಗೆ ಹೇಗೆ ಹೊಂದಿಕೊಳ್ಳಬಹುದೆಂಬ ವಿಷಯವಾಗಿ ಅರ್ಕಾವತಿಯ ಅಧ್ಯಯನವನ್ನು ಕೈಗೊಂಡರು. ನದಿ ಬತ್ತುವುದಕ್ಕೆ ಜನ ಹೇಳುವ ಕಾರಣಗಳು ಹಲವು: ಮಳೆ ಕಡಮೆಯಾಯಿತು ಅಥವಾ ಅದರ ರೀತಿ ಬದಲಾಯಿತು ಎಂಬುದೊಂದು, ಬಿಸಿಲು ಹೆಚ್ಚಿ ನೀರು ಆವಿಯಾಗುತ್ತಿದೆ ಎಂಬುದೊಂದು, ಕೊಳವೆಬಾವಿಗಳು ಅಂತರ್ಜಲವನ್ನು ಬಸಿದುವು ಎಂಬುದೊಂದು, ನೀಲಗಿರಿ ತೋಪುಗಳು ನೀರನ್ನು ಹೀರಿದುವು ಎಂಬುದೊಂದು, ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ಎದ್ದ ಕಟ್ಟಡ, ತಡೆಯಣೆಗಳು ಹರಿವನ್ನು ತುಂಡರಿಸಿದುವು ಎಂಬುದು ಇನ್ನೊಂದು. ಸಂಶೋಧಕರು ಇವುಗಳಲ್ಲಿ ತಮಗೆ ಅನುಕೂಲವಾದ ಒಂದನ್ನು ಹಿಡಿದು ಅದಕ್ಕೆ ಸಾಕ್ಷ್ಯವನ್ನು ಹುಡುಕುವ ಬದಲು, ಐದನ್ನೂ ಸಮವಾಗಿ ಮುಂದಿಟ್ಟುಕೊಂಡು ಒಂದೊಂದನ್ನಾಗಿ ಪರೀಕ್ಷಿಸಿದರು. ತಿಪ್ಪಗೊಂಡನಹಳ್ಳಿಗೆ ನೀರು ಬರುವ ಮೇಲ್ಭಾಗದ ಪ್ರದೇಶದಲ್ಲಿ ಹರಿವು ಕುಂದುವುದಕ್ಕೆ ಅಂತರ್ಜಲವನ್ನು ಎತ್ತಿದ್ದೂ ನೀಲಗಿರಿ ಹಬ್ಬಿದ್ದೂ ಮುಖ್ಯ ಕಾರಣಗಳು, ಹರಿವಿಗೆ ಬಂದ ಅಡ್ಡಿ ಅದಕ್ಕಿಂತ ಕಡಮೆಯ ಕಾರಣ, ವಾಯುಗುಣದ ಬದಲಾವಣೆ ಇವುಗಳಷ್ಟು ಸಂಭಾವ್ಯವಾದ ಕಾರಣವಲ್ಲ ಎಂಬುದಾಗಿ 2015ರಲ್ಲಿ ಪ್ರಕಟಿಸಿದರು.

ಇದು ಯೋಚಿಸತಕ್ಕ ಸಂಗತಿ. ವಾಯುಗುಣದ ಹೆಸರಿನಲ್ಲಿ ಬಂದ ಹಣದಿಂದಲೇ, ಈ ನದಿಯ ಮಟ್ಟಿಗೆ ವಾಯುಗುಣ ಪ್ರಧಾನ ಕಾರಣವಲ್ಲವೆಂಬ ನಿಜ ಹೊರಬಿತ್ತು. ಆ ಅನುದಾನ ಸಾರ್ಥಕವಾದದ್ದು ಅದರಿಂದಲೇ ಎಂದು ನಾನು ತಿಳಿದಿದ್ದೇನೆ. ಮಾಗಡಿ ತಾಲ್ಲೂಕಿನ ಒಂದು ಊರಿನವರು ಈ ಅಧ್ಯಯನವನ್ನು ಗಮನಿಸದೆ, ಮಳೆ ಕೈಕೊಟ್ಟಿತೆಂದು ಬರೆದು, ಹಳ್ಳದುದ್ದಕ್ಕೂ ತಡೆಯಣೆ ಕಟ್ಟಿಸಲು ಹಣ ಬೇಡಿ ಪಡೆದರೆಂದು ಇಟ್ಟುಕೊಳ್ಳೋಣ. ತಡೆಯಣೆಯ ಪಕ್ಕದ ನಾಲ್ಕಾರು ಬಾವಿಗಳಲ್ಲಿ ನೀರು ಏರಬಹುದು. ಆದರೆ ಕೆಳಗಿನ ಊರಿನ ಕೆರೆಗೆ ಬರಬೇಕಾದ ನೀರು ಅಷ್ಟರಮಟ್ಟಿಗೆ ತಪ್ಪುತ್ತದೆ, ಮೇಲೆ ಏರಿದ ನೀರೂ ಹೊಸ ಕೊಳವೆಬಾವಿಗಳ ಪಾಲಾಗುತ್ತದೆ. ಕಾರಣವನ್ನು ತಪ್ಪಾಗಿ ಹೇಳಿದ ಅರ್ಜಿಯಿಂದ ಒಂದು ಊರಿನ ಉಪಕಾರವೇ ಇನ್ನೊಂದು ಊರಿನ ಅಪಕಾರವಾಗುವ ಬಗೆ ಇದು.

ಹಾಗೆಂದು ವಾಯುಗುಣದ ಬದಲಾವಣೆ ಈ ಸೀಮೆಯನ್ನು ಮುಟ್ಟಿಲ್ಲವೆಂದಲ್ಲ. ಅದು ಎಲ್ಲಿ ಮುಟ್ಟಿದೆಯೆಂಬುದನ್ನು ರೇಷ್ಮೆ ಬೆಳೆಯುವ ಮನೆಗೆ ಹೋಗಿ ನೋಡಬೇಕು. ಏಷ್ಯಾ ಖಂಡದಲ್ಲಿಯೇ ದೊಡ್ಡದೆನಿಸಿದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟವೂ ಹುಳು ಸಾಕುವ ಮನೆಯೂ ಸಂಸಾರದ ಆಧಾರ. ಹುಳು ಸೂಕ್ಷ್ಮ ಪ್ರಾಣಿ. ಚಾಕಿಯ ಹಂತದ ಎಳೆಯ ಹುಳುವಿಗೆ 27–28 ಡಿಗ್ರಿ ಶಾಖ ಹಿತ. ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು, ಹಗಲಿರುಳೂ ಸೊಪ್ಪು ಮೇಯುವ ದೊಡ್ಡ ಹುಳುವಿಗೆ 24–25 ಡಿಗ್ರಿ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟು ಹೊದಿಸಿದ ಸಾಕಾಣೆ ಮನೆಯಲ್ಲಿ, ಮನೆಯಾಕೆ ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಕಿಟಕಿಗೆ ಕಟ್ಟಿ, ಅದು ಒಣಗಿದಾಗ ಮತ್ತೆ ಅದ್ದಿ, ನೆಲಕ್ಕೆ ನೀರು ಚಿಮುಕಿಸಿ, ಸೊಪ್ಪು ಬಾಡದಂತೆ ಒದ್ದೆ ಬಟ್ಟೆ ಮುಚ್ಚಿ, ಹುಳು ಮೇವು ಬಿಟ್ಟಿತೇ ಎಂದು ತಟ್ಟೆಯ ಮೇಲೆ ಬಾಗಿ ನೋಡುತ್ತಿರುತ್ತಾಳೆ. ಶಾಖ ಏರಿದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬೀಳುವ ಮುನ್ನವೇ ರೋಗ ಹೊಕ್ಕು ಒಂದು ಬೆಳೆಯೇ ಹೋಗಬಹುದು. ಆ ಮನೆಗೆ ತಂಪು ಚಾವಣಿ, ಗಾಳಿ ಆಡುವ ಕಿಂಡಿ, ಸುತ್ತ ನೆರಳಿನ ಮರ ಒದಗಿಸುವುದಕ್ಕೆ ಕೇಳುವ ಅನುದಾನವು ವಾಯುಗುಣಕ್ಕೆ ಸತ್ಯವಾಗಿ ಸಂಬಂಧಪಟ್ಟದ್ದು. ಇದನ್ನು ಹೊಂದಾಣಿಕೆಯ ಕಾರ್ಯವೆಂದು ಕೊಡುವವರು ಕರೆಯುತ್ತಾರೆ. ಗೂಡು ಬೇಯಿಸಿ ನೂಲು ಬಿಚ್ಚುವ ಘಟಕದಲ್ಲಿ ಸೌದೆಯನ್ನು ಉಳಿಸುವುದು ಇನ್ನೊಂದು ಬಗೆ. ಅದರಿಂದ ಹೊಗೆಯೂ ಇಂಗಾಲವೂ ತಗ್ಗುತ್ತವೆ. ನೂಲು ಬಿಚ್ಚುವ ಒಲೆಗಳಿಗೆ ಸೌದೆಯಿಂದ ಅನಿಲ ತೆಗೆದು ಉರಿಸುವ ಯಂತ್ರವನ್ನು 1990ರ ದಶಕದಲ್ಲಿ ಟೆರಿ ಎಂಬ ಇಂಧನ ಸಂಶೋಧನ ಸಂಸ್ಥೆ ರೂಪಿಸಿದ್ದು ಸ್ವಿಟ್ಜರ್ಲೆಂಡ್ ಸರ್ಕಾರದ ಅಭಿವೃದ್ಧಿ ಸಹಕಾರ ಸಂಸ್ಥೆಯ ನೆರವಿನಿಂದ. ಅರ್ಜಿ ಹೊಂದಾಣಿಕೆ, ಇಂಗಾಲದ ಇಳಿಕೆ ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದೆಂಬುದನ್ನು ಮೊದಲ ಪುಟದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹಣದ ಮೂಲಗಳು ಬೇರೆಬೇರೆಯಾಗಿರುವುದುಂಟು.

ಮೂಲಗಳ ವಿಷಯ. ಪತ್ರಿಕೆಗಳಲ್ಲಿ ಆಗಾಗ ಹೆಸರು ಕಾಣುವ ಹಸಿರು ಹವಾಮಾನ ನಿಧಿಯು 2010ರ ಕಾನ್‌ಕುನ್ ಹವಾಮಾನ ಸಮ್ಮೇಳನದಲ್ಲಿ ನಿಶ್ಚಯವಾಗಿ, ದಕ್ಷಿಣ ಕೊರಿಯದಲ್ಲಿ ನೆಲೆಸಿದೆ. ಅದರ ಲೆಕ್ಕದಲ್ಲಿ ಅತಿ ಕಿರಿಯ ವರ್ಗದ ಯೋಜನೆಯೆಂದರೆ ಒಂದು ಕೋಟಿ ಡಾಲರಿನವರೆಗಿನದು. ಚನ್ನಪಟ್ಟಣದ ಒಂದು ಸಂಘ ಅದರ ಮುಂದೆ ನೇರವಾಗಿ ನಿಲ್ಲುವಂತಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಹೋಗಬೇಕು. ನಮ್ಮ ದೇಶದಲ್ಲಿ ಅಂಥ ಮಾನ್ಯತೆ ಪಡೆದವರಲ್ಲಿ ನಬಾರ್ಡ್ ಒಂದು. ವಿಶ್ವಸಂಸ್ಥೆಯ ಹೊಂದಾಣಿಕೆ ನಿಧಿಗೂ ಅದೇ ರಾಷ್ಟ್ರೀಯ ಅನುಷ್ಠಾನ ಸಂಸ್ಥೆ. ಜಾಗತಿಕ ಪರಿಸರ ಸೌಲಭ್ಯದ ಸಣ್ಣ ಅನುದಾನ ಕಾರ್ಯಕ್ರಮವು 1992ರಲ್ಲಿ ಆರಂಭವಾದದ್ದು ಸಮುದಾಯದ ಸಂಸ್ಥೆಗಳಿಗಾಗಿಯೇ. ಅದರಲ್ಲಿ ಬಹುಕಾಲ 50,000 ಡಾಲರು ಮೇಲ್ಮಿತಿಯಾಗಿತ್ತು. ನಮ್ಮ ಹಳ್ಳಿಗಳ ಅಳತೆಗೆ ಹೊಂದುವುದು ಇಂಥದು.

ಆದರೆ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳಿಗೆ ಎಲ್ಲಕ್ಕಿಂತ ಹತ್ತಿರದ ಮೂಲ ಬಿಡದಿ ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳಲ್ಲಿದೆ. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯ ಪ್ರಕಾರ, 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯವೋ 1,000 ಕೋಟಿಯ ವಹಿವಾಟೋ 5 ಕೋಟಿಯ ನಿವ್ವಳ ಲಾಭವೋ ಉಳ್ಳ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕಾರ್ಯಗಳಿಗೆ ವ್ಯಯ ಮಾಡಬೇಕು. ಪರಿಸರದ ಸಂರಕ್ಷಣೆ ಆ ಕಾರ್ಯಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದೆ, ಕಂಪನಿ ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ಆದುದರಿಂದ ಕಾರ್ಖಾನೆಯ ನೆರೆಯ ಗ್ರಾಮಸ್ಥರು ಕೇಳುವಾಗ ಭಿಕ್ಷೆ ಬೇಡುವವರಂತೆ ಕುಗ್ಗಬೇಕಾದುದಿಲ್ಲ. ಇನ್ನೊಂದು ವಿಷಯ ಅನೇಕರಿಗೆ ತಿಳಿಯದು: ಆರಂಭಿಸಿದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ನಡೆಯುವ ಯೋಜನೆಗೆ ಈ ನಿಯಮದಲ್ಲಿ ಅವಕಾಶವಿದೆ. ಸಸಿ ಮರವಾಗುವುದಕ್ಕೆ ಬೇಕಾದ ಕಾಲ ಅಲ್ಲಿ ದೊರೆಯುತ್ತದೆ. ಕೇಳುವವರು ಒಂದೇ ವರ್ಷಕ್ಕೆ ಕೇಳಿ ಅದನ್ನು ಕಳೆದುಕೊಳ್ಳುತ್ತಾರೆ.

ಕಾಗದಪತ್ರಗಳ ಮಾತನ್ನು ಬೇಗ ಮುಗಿಸುತ್ತೇನೆ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಣಿಯಾಗಿರಬೇಕು, ಇಲ್ಲವೆ ಟ್ರಸ್ಟ್ ಆಗಿರಬೇಕು, ಇಲ್ಲವೆ ಲಾಭರಹಿತ ಕಂಪನಿಯಾಗಿರಬೇಕು. ಪ್ಯಾನ್, ಪ್ರತಿವರ್ಷದ ಆಡಿಟ್, ಜನ 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆಯ ನೋಂದಣಿಗಳು, ನೀತಿ ಆಯೋಗದ ದರ್ಪಣ್ ಸಂಖ್ಯೆ, ಕಂಪನಿಗಳ ಹಣಕ್ಕಾದರೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್ಆರ್-1 ನಮೂನೆ, ಇವು ಬೇಕು. ಹೊರದೇಶದ ಹಣಕ್ಕೆ ನಿಯಮ ಬಿಗಿ: 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ನೋಂದಣಿಗೆ ಮೂರು ವರ್ಷಗಳ ಅಸ್ತಿತ್ವವೂ ಆ ಅವಧಿಯಲ್ಲಿ ಮುಖ್ಯ ಕಾರ್ಯಗಳಿಗೆ 15 ಲಕ್ಷ ರೂಪಾಯಿಯ ವೆಚ್ಚವೂ ಆಗಿರಬೇಕು, ಹಣ ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ಬಳಿಕ, ಹೀಗೆ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಹಳ್ಳಿಯ ಚಿಕ್ಕ ಸಂಘಕ್ಕೆ ಹಂಚುವಂತಿಲ್ಲ. ಆಡಳಿತದ ವೆಚ್ಚದ ಮಿತಿಯೂ ಹಿಂದಿನ ಶೇಕಡಾ 50ರಿಂದ 20ಕ್ಕೆ ಇಳಿದಿದೆ. ಹೊಣೆಗಾರಿಕೆಯ ದೃಷ್ಟಿಯಿಂದ ಬಿಗಿ ಇರಬೇಕಾದದ್ದು ಸರಿಯೇ. ಆದರೂ ಹೊರಗಿನ ಹಣ ದೊಡ್ಡ ಸಂಸ್ಥೆಯ ಕೈದಾಟಿ ಊರಿನ ಸಂಘವನ್ನು ಮುಟ್ಟುತ್ತಿದ್ದ ದಾರಿ ಇದರಿಂದ ಮುಚ್ಚಿತೆಂಬುದು ನನಗೆ ನೋವಿನ ಸಂಗತಿ; ಆ ದಾರಿಯಿಂದ ಈ ಸೀಮೆಗೆ ಒಳ್ಳೆಯದಾಗಲು ಸಾಧ್ಯವಿತ್ತು. ಹೊರದೇಶದ ನೆರವು ಇಲ್ಲಿಗೆ ಹೊಸದೇನೂ ಅಲ್ಲ: ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ, ಸರ್ಕಾರದ ವಿಶ್ವ ಯೋಜನೆಯ ಜೊತೆಗೆ, ನೆದರ್ಲೆಂಡ್ಸ್ ದೇಶದ ನೆರವೂ ಒಂದು ಕಾಲದಲ್ಲಿ ಬಂದದ್ದನ್ನು ಅಲ್ಲಿನ ಹಿರಿಯರು ಬಲ್ಲರು.

ಈಗ ಎರಡನೆಯ ಮಾತಿಗೆ, ಎಂದರೆ ಮಾಡಿದ ಕೆಲಸವನ್ನು ಕಾಪಾಡುವ ವೆಚ್ಚದ ಮಾತಿಗೆ ಬರುತ್ತೇನೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸುಮಾರು ನಾಲ್ಕು ಕಿಲೋಮೀಟರುಗಳ ಉದ್ದಕ್ಕೆ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು. 385 ಎಂಬ ಮರಗಳ ಎಣಿಕೆಯನ್ನೂ 2019ರ ಪದ್ಮಶ್ರೀಯನ್ನೂ ಎಲ್ಲರೂ ಬಲ್ಲರು. ಅರ್ಜಿ ಬರೆಯುವವರು ಗಮನಿಸತಕ್ಕದ್ದು ಬೇರೆ. ತಿಮ್ಮಕ್ಕನೂ ಅವರ ಪತಿ ಚಿಕ್ಕಯ್ಯನವರೂ ಮೊದಲನೆಯ ವರ್ಷ ನೆಟ್ಟದ್ದು ಹತ್ತು ಸಸಿ, ಮುಂದಿನ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ತಮ್ಮಿಬ್ಬರ ಕೈಯಿಂದ ನೀರು ಹೊತ್ತು ಕಾಪಾಡಲು ಎಷ್ಟಾದೀತೋ ಅಷ್ಟನ್ನೇ ನೆಟ್ಟರು. ಮಳೆಗಾಲದಲ್ಲಿ ನೆಟ್ಟು, ದನಕರು ಮೇಯದಂತೆ ಮುಳ್ಳು ಕಟ್ಟಿ, ಬೇಸಗೆಯಲ್ಲಿ ಬಿಂದಿಗೆಗಳಲ್ಲಿ ನೀರು ಒಯ್ದು ಬುಡಕ್ಕೆ ಎರೆದರು. ಅವರ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ. ಆ ದುಡಿಮೆಯನ್ನು ಇಂದಿನ ಕೂಲಿಯ ದರದಲ್ಲಿ ಲೆಕ್ಕ ಹಾಕಿದರೆ, ಸಸಿಯ ಬೆಲೆ ಅದರ ಮುಂದೆ ಏನೇನೂ ಅಲ್ಲವೆಂಬುದು ಗೊತ್ತಾಗುತ್ತದೆ.

ನಮ್ಮ ಅರ್ಜಿಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಸಸಿಗೆ, ಗುಂಡಿಗೆ, ನಾಮಫಲಕಕ್ಕೆ, ಉದ್ಘಾಟನೆಯ ಶಾಮಿಯಾನಕ್ಕೆ ಹಣ ಕೇಳಿರುತ್ತಾರೆ. ನೀರು ಎರೆಯುವ ಆಳಿನ ಸಂಬಳವನ್ನು, ಹಣ ಕೊಡುವವರು ಬೇಸರಪಟ್ಟಾರೆಂಬ ಅಂಜಿಕೆಯಿಂದ, ಗ್ರಾಮಸ್ಥರ ಸ್ವಯಂಸೇವೆಯೆಂದು ಬರೆದು ಸೊನ್ನೆ ಮಾಡಿರುತ್ತಾರೆ. ಕೆರೆಯ ಅರ್ಜಿಯೂ ಹಾಗೆಯೇ: ಹೂಳೆತ್ತುವ ಯಂತ್ರದ ಬಾಡಿಗೆ ಲಕ್ಷಗಟ್ಟಲೆ, ತೂಬಿನ ಬಾಯನ್ನು ಕಾಯುವವನಿಗೆ ಏನೂ ಇಲ್ಲ. ಹಿಂದೆ ಊರೂರಿಗೂ ನೀರುಗಂಟಿಯಿದ್ದ. ತೂಬೆತ್ತುವುದು, ಗದ್ದೆಗೆ ನೀರು ಹಂಚುವುದು, ಏರಿಯಲ್ಲಿ ಇಲಿಬಿಲ ಕಂಡರೆ ಮುಚ್ಚುವುದು, ಕಾಲುವೆಯ ಕಸ ತೆಗೆಯುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಮಳೆ ಒಂದೇ ಸಲ ಹುಚ್ಚೆದ್ದು ಸುರಿಯುವ ಈ ಕಾಲದಲ್ಲಿ ಕೋಡಿಯನ್ನೂ ರಾಜಕಾಲುವೆಯನ್ನೂ ವರ್ಷವಿಡೀ ನೋಡಿಕೊಳ್ಳುವ ಒಬ್ಬ ಮನುಷ್ಯನು ಹೂಳೆತ್ತುವ ಯಂತ್ರಕ್ಕಿಂತ ಕಡಮೆ ಮುಖ್ಯನಲ್ಲ. ಅವನ ಸಂಬಳವನ್ನು ಯೋಜನೆಯ ನೇರ ವೆಚ್ಚದ ಸಾಲಿನಲ್ಲಿ, ಮೂರು ವರ್ಷಕ್ಕೆ, ತಿಂಗಳಿಗಿಷ್ಟೆಂದು ಬಿಡಿಸಿ ಬರೆದು ಕೇಳಬೇಕು. ನಾಲ್ಕನೆಯ ವರ್ಷದಿಂದ ಅದನ್ನು ಯಾರು ಕೊಡುತ್ತಾರೆ, ಮೀನು ಹರಾಜಿನ ಹಣವೋ, ಅಚ್ಚುಕಟ್ಟಿನ ರೈತರ ವಂತಿಗೆಯೋ, ಪಂಚಾಯಿತಿಯೋ ಎಂಬುದನ್ನೂ ಅಲ್ಲಿಯೇ ಹೇಳಬೇಕು.

ಕೆರೆ ಯಾರದೆಂಬುದೂ ಮೊದಲೇ ತಿಳಿದಿರಬೇಕು. 40 ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ಅಧೀನ. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಒಪ್ಪಿಗೆಯ ಪತ್ರವಿಲ್ಲದೆ ಹಾರೆಯನ್ನು ಎತ್ತುವಂತಿಲ್ಲ. ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ನೋಡಿ, ಗ್ರಾಮನಕಾಶೆಯೊಡನೆ ಹೋಲಿಸಿ, ಒತ್ತುವರಿಯಿದ್ದರೆ ಅದನ್ನು ಮರೆಮಾಚದೆ ಬರೆಯುವುದು ಲೇಸು. ಮಳೆಯ ಅಂಕಿಗಳಿಗೆ ಊರಿನವರ ನೆನಪನ್ನೇ ನೆಚ್ಚಬೇಕಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಇವೆ. ಬಾವಿಗಳ ನೀರಿನ ಮಟ್ಟವನ್ನು ಮಾತ್ರ ಸಂಘದವರೇ ಹಗ್ಗ ಇಳಿಸಿ ಅಳೆಯಬೇಕು. ಕೆಲಸಕ್ಕೆ ಮುನ್ನ ಅಳೆಯದಿದ್ದರೆ ಕೆಲಸದಿಂದ ಏನಾಯಿತೆಂದು ಹೇಳುವುದಕ್ಕೆ ಆಧಾರವೇ ಇರದು. ಚನ್ನಪಟ್ಟಣದ ಕಡೆ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಹಲವು ಕೆರೆಗಳಿಗೆ ಇಗ್ಗಲೂರಿನಿಂದ ಶಿಂಷೆಯ ನೀರನ್ನು ಎತ್ತಿ ತುಂಬಿಸುತ್ತಾರೆ. ಅಂಥ ಕೆರೆಯ ಹೂಳು ತೆಗೆಸಿ, ನೀರು ನಿಂತಿತೆಂದು ವರದಿ ಬರೆದರೆ, ನಿಂತದ್ದು ಹೂಳು ತೆಗೆದದ್ದರಿಂದಲೋ ಪಂಪಿನಿಂದಲೋ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಪಂಪಿನ ನೀರು ಬಂದ ದಿನಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡವರಿಗೆ ಉತ್ತರವಿರುತ್ತದೆ. ಅದೇ ತಾಲ್ಲೂಕಿನಲ್ಲಿ, ಬೊಂಬೆಗೆ ಬೇಕಾದ ಆಲೆಮರವನ್ನು ಹೊಲದ ಬದುಗಳಲ್ಲಿ ಬೆಳೆಸುವ ಒಂದು ಯೋಜನೆಯಾದರೆ, ಮರವೂ ನೆರಳೂ ಕುಶಲಕರ್ಮಿಗಳ ಕಸಬೂ ಕೂಡಿಬರುವುದರಿಂದ, ಅದನ್ನು ಸಮರ್ಥಿಸುವುದು ಸುಲಭವೆಂದು ನನಗೆ ತೋರುತ್ತದೆ.

ಅರ್ಜಿಯ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಅದನ್ನು ಬೆಂಗಳೂರಿನ ಯಾರೋ ಒಬ್ಬರಿಂದ ಬರೆಸಿ, ಒಳಗೇನಿದೆಯೆಂಬುದು ಸಂಘದ ಅಧ್ಯಕ್ಷರಿಗೂ ತಿಳಿಯದಂತೆ ಕಳಿಸುವ ಪದ್ಧತಿ ಕೆಟ್ಟದ್ದು. ಮೊದಲು ಕನ್ನಡದಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ, ಆಕ್ಷೇಪಣೆಗಳನ್ನು ಕೇಳಿ ತಿದ್ದಿ, ಆಮೇಲೆ ಇಂಗ್ಲಿಷಿಗೆ ತರುವುದು ಯೋಗ್ಯ. ಎಷ್ಟು ಹಣ ಬಂದಿತು, ಯಾವುದಕ್ಕೆ ಹೋಯಿತು ಎಂಬುದು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಸಸಿಗಳು ಸತ್ತರೆ ಸತ್ತುವೆಂದೇ ವರದಿಯಲ್ಲಿ ಬರೆಯಬೇಕು, ಯಾಕೆ ಸತ್ತುವೆಂಬುದನ್ನೂ ಬರೆಯಬೇಕು; ವಿವೇಕಿಗಳಾದ ದಾನಿಗಳು ಅಂಥ ವರದಿ ಬರೆದವರನ್ನು ಎರಡನೆಯ ಸಲ ನಂಬುತ್ತಾರೆ.

ಕಾಲದ ಒಂದು ಲೆಕ್ಕವೂ ಇದೆ. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ವರ್ಷದ ಕಡೆಯ ತಿಂಗಳುಗಳಲ್ಲಿ ಹೋದ ಅರ್ಜಿಗೆ ಉಳಿಕೆಯ ಹಣ ಅವಸರದಲ್ಲಿ ಸಿಕ್ಕಿ, ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ಸಸಿ ನೆಡುವ ಅನರ್ಥಕ್ಕೆ ಎಡೆಯಾಗುತ್ತದೆ. ಕನಕಪುರದ ಕಡೆಯ ಒಂದು ಸಂಘ ಈಗ ಮನಸ್ಸು ಮಾಡುವುದಾದರೆ, ಈ ಮಳೆಗಾಲದ ಮುಂಚೆಯೂ ಆಮೇಲೆಯೂ ಬಾವಿಗಳನ್ನು ಅಳೆದು, ಕಾರ್ತಿಕದ ಹೊತ್ತಿಗೆ ಕೋಡಿ ಕಾಲುವೆಗಳನ್ನು ನಡೆದು ನೋಡಿ, ಒಪ್ಪಿಗೆ ಪತ್ರಗಳನ್ನು ಚಳಿಗಾಲದಲ್ಲಿ ಕೂಡಿಸಿಕೊಂಡು, ಹೊಸ ವರ್ಷದ ಕಾರ್ಯಯೋಜನೆಯನ್ನು ಕಂಪನಿಯವರು ಗೊತ್ತುಮಾಡುವ ಮೊದಲೇ ಅರ್ಜಿಯನ್ನು ಮುಟ್ಟಿಸಿದರೆ, ಮುಂದಿನ ಜೂನ್ ತಿಂಗಳ ಮೊದಲ ಹದ ಮಳೆಗೆ ಗುಂಡಿಗಳು ಸಿದ್ಧವಾಗಿರುತ್ತವೆ.